ಕಾಲು ನೋಡುವವರು ಯಾರು?

ಪೆನ್ನಿನಷ್ಟು ದಪ್ಪದ ಹಿಡಿಕೆ, ಅದರ ತುದಿಯಲ್ಲಿ ಒಂದು ನೈಲಾನ್ ಎಳೆ. ಚರ್ಮಕ್ಕೆ ಒತ್ತಿದರೆ 10 ಗ್ರಾಂ ಬಲಕ್ಕೆ ಬಾಗುವಂತೆ ಅದನ್ನು ಮಾಡಿರುತ್ತಾರೆ. ಪರೀಕ್ಷೆ ಮಾಡುವವರು ಮೊದಲು ಎಳೆಯನ್ನು ರೋಗಿಯ ಕೈಗೆ ಮುಟ್ಟಿಸಿ ಹೇಗಿರುತ್ತದೆಂದು ತೋರಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ, ಹೆಬ್ಬೆರಳಿನ ಅಡಿ, ಅದರ ಬುಡದ ಉಬ್ಬು, ಕಿರುಬೆರಳ ಬುಡದ ಉಬ್ಬು ಹೀಗೆ ಮೂರು ಕಡೆ ಒತ್ತಿ ಕೇಳುತ್ತಾರೆ: ‘ಗೊತ್ತಾಯ್ತಾ? ಯಾವ ಕಾಲು?’ ನಡುವೆ ಒಮ್ಮೆ ಮುಟ್ಟದೆಯೂ ಕೇಳಬೇಕು. ಡಾಕ್ಟರಿಗೆ ಬೇಜಾರಾಗದಿರಲಿ ಎಂದು ಎಲ್ಲದಕ್ಕೂ ‘ಹೂಂ’ ಅನ್ನುವವರು ಆಗ ಸಿಕ್ಕಿಬೀಳುತ್ತಾರೆ. ಚರ್ಮ ದಡ್ಡುಗಟ್ಟಿದ ಕಡೆ, ಹುಣ್ಣಿನ ಮೇಲೆ ಒತ್ತಬಾರದು, ಪಕ್ಕದಲ್ಲಿ ಒತ್ತಬೇಕು. ಎಳೆಗೂ ದಣಿವಾಗುತ್ತದೆ. ಹತ್ತು ಜನರ ಪರೀಕ್ಷೆ ಆದ ಮೇಲೆ ಒಂದು ದಿನ ಅದನ್ನು ಪಕ್ಕಕ್ಕಿಡಬೇಕು, ಇಲ್ಲದಿದ್ದರೆ ಕಡಿಮೆ ಬಲಕ್ಕೇ ಬಾಗಿ ತಪ್ಪು ಲೆಕ್ಕ ಕೊಡುತ್ತದೆ.

ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇದ್ದು ಪಾದದ ನರಗಳು ಕೆಟ್ಟವರು ಈ ಪರೀಕ್ಷೆಯಲ್ಲಿ ಸುಮ್ಮನೆ ಕೂತಿರುತ್ತಾರೆ. ‘ಇನ್ನೂ ಶುರು ಮಾಡಿಲ್ವಾ ಸಿಸ್ಟರ್?’ ಎಂದು ಕೇಳುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ.

ಐದು ನಿಮಿಷದ ಈ ಕೆಲಸವನ್ನು ಮಾಡುವವರು ಯಾರು? ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಇದಕ್ಕೆಂದೇ ಓದಿ ಪರವಾನಗಿ ಪಡೆದ ಪೋಡಿಯಾಟ್ರಿಸ್ಟ್‌ಗಳಿದ್ದಾರೆ. ಹಲ್ಲಿಗೆ ಡೆಂಟಿಸ್ಟ್ ಇರುವ ಹಾಗೆ ಅಲ್ಲಿ ಪಾದಕ್ಕೆ ಅವರು. ಉಗುರು ಕತ್ತರಿಸುವುದರಿಂದ ಹಿಡಿದು ಹುಣ್ಣಿನ ಕೊಳೆತ ಭಾಗ ತೆಗೆಯುವುದು, ಪಾದರಕ್ಷೆ ಬರೆದುಕೊಡುವುದು, ಹೆಚ್ಚಿನ ತರಬೇತಿ ಇದ್ದವರು ಶಸ್ತ್ರಚಿಕಿತ್ಸೆ ಮಾಡುವುದು, ಎಲ್ಲವೂ ಅವರ ಪಾಲಿನದು. ನಮ್ಮಲ್ಲಿ ಈ ಕೆಲಸ ಫಿಜಿಷಿಯನ್, ಜನರಲ್ ಸರ್ಜನ್, ಡ್ರೆಸ್ಸಿಂಗ್ ಮಾಡುವ ನರ್ಸ್, ಚಪ್ಪಲಿ ಹೊಲಿಯುವವರ ನಡುವೆ ಹಂಚಿಹೋಗಿದೆ. ಹಂಚಿಹೋಗಿದೆ ಅನ್ನುವುದಕ್ಕಿಂತ ಬಿಟ್ಟುಹೋಗಿದೆ ಅನ್ನುವುದೇ ಸರಿ. ಶುಗರ್ ತಪಾಸಣೆಗೆ ಹೋದವರಲ್ಲಿ ಎಷ್ಟು ಜನರಿಗೆ ‘ಸಾಕ್ಸ್ ತೆಗೀರಿ’ ಎಂದು ಯಾರಾದರೂ ಹೇಳಿರುತ್ತಾರೆ?

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆ ಇರುವವರು ಸುಮಾರು 10.1 ಕೋಟಿ. ಇಂಥವರಲ್ಲಿ ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುವ ಸಾಧ್ಯತೆ ನೂರಕ್ಕೆ 19ರಿಂದ 34 ಎಂದು ಜಾಗತಿಕ ಅಧ್ಯಯನಗಳ ಅಂದಾಜು. ಹುಣ್ಣು ಮಾಗಿದ ಮೇಲೂ ಕಥೆ ಮುಗಿಯುವುದಿಲ್ಲ. ಮಾಗಿದವರಲ್ಲಿ ನೂರಕ್ಕೆ ಸುಮಾರು 40 ಜನರಿಗೆ ಒಂದೇ ವರ್ಷದಲ್ಲಿ ಮತ್ತೆ ಹುಣ್ಣಾಗುತ್ತದೆ.

ಸಕ್ಕರೆ ಹೆಚ್ಚಿದ್ದರೆ ಪಾದವೇ ಏಕೆ ಕೆಡಬೇಕು? ದೇಹದಲ್ಲಿ ಅತಿ ಉದ್ದದ ನರಗಳು ಪಾದಕ್ಕೆ ಹೋಗುತ್ತವೆ, ಹಾನಿ ಮೊದಲು ತಟ್ಟುವುದು ಅವುಗಳ ತುದಿಗೇ. ಮೂರು ಬಗೆಯ ನರಗಳೂ ಕೆಡುತ್ತವೆ. ಪಾದದೊಳಗಿನ ಸಣ್ಣ ಸ್ನಾಯುಗಳಿಗೆ ಹೋಗುವ ನರ ಕೆಟ್ಟರೆ ಬೆರಳುಗಳು ಕೊಕ್ಕೆಯಂತೆ ಮಡಚಿ, ಬುಡದ ಮೂಳೆಗಳು ಅಂಗಾಲಿನತ್ತ ಚಾಚಿಕೊಳ್ಳುತ್ತವೆ. ಬೆವರಿನ ನರ ಕೆಟ್ಟರೆ ಚರ್ಮ ಒಣಗಿ ಹಿಮ್ಮಡಿ ಒಡೆಯುತ್ತದೆ, ಬಿರುಕಿನಲ್ಲಿ ನಂಜು ಸೇರುತ್ತದೆ. ಸ್ಪರ್ಶದ ನರ ಕೆಟ್ಟರೆ ಇದಾವುದೂ ಗೊತ್ತೇ ಆಗುವುದಿಲ್ಲ. ಮೊದಮೊದಲು ಉರಿ, ಜೋಮು ಇರುತ್ತದೆ. ನಂತರ ಅದೂ ಹೋಗುತ್ತದೆ. ‘ಈಗ ಉರಿ ಕಮ್ಮಿಯಾಗಿದೆ’ ಎಂದು ರೋಗಿ ಸಮಾಧಾನ ಪಡುವ ಹೊತ್ತಿಗೆ ನಿಜವಾದ ಅಪಾಯ ಶುರುವಾಗಿರುತ್ತದೆ. ಇದರ ಜೊತೆಗೆ ರಕ್ತನಾಳ ಕಿರಿದಾಗಿದ್ದರೆ ಗಾಯ ಮಾಯಲು ಬೇಕಾದ ರಕ್ತವೂ ತಲುಪುವುದಿಲ್ಲ.

ಒತ್ತಡ ಬೀಳುವ ಜಾಗದಲ್ಲಿ ಚರ್ಮ ದಪ್ಪಗಟ್ಟುತ್ತದೆ, ಅಂದರೆ ಆಣಿ, ದಡ್ಡು. ಕಾಲಿಡುವಾಗಲೆಲ್ಲ ಈ ಗಟ್ಟಿ ಪದರ ಒಳಗಿನ ಮೆತ್ತನೆ ಅಂಗಾಂಶವನ್ನು ಒತ್ತುತ್ತಲೇ ಇರುತ್ತದೆ. ಪೋಡಿಯಾಟ್ರಿಸ್ಟ್‌ನ ದಿನದ ಬಹುಪಾಲು ಇದನ್ನು ಹೆರೆಯುವುದರಲ್ಲೇ ಕಳೆಯುತ್ತದೆ. ರೋಗಿಯನ್ನು ಎತ್ತರದ ಕುರ್ಚಿಯಲ್ಲಿ ಒರಗಿಸಿ, ಪಾದವನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದು, ಸ್ಕಾಲ್ಪೆಲ್ ಬ್ಲೇಡನ್ನು ಚರ್ಮಕ್ಕೆ ಸಮಾನಾಂತರವಾಗಿ ಓಡಿಸುತ್ತ ತೆಳ್ಳಗಿನ ಪದರಗಳನ್ನು ಒಂದೊಂದಾಗಿ ತೆಗೆಯುತ್ತಾರೆ. ಹಳದಿ ದಡ್ಡಿನ ಕೆಳಗೆ ಕಪ್ಪು ಅಥವಾ ಕಂದು ಚುಕ್ಕೆ ಕಂಡರೆ ಒಳಗೆ ಈಗಾಗಲೇ ರಕ್ತ ಒಸರಿದೆ ಎಂದು ಅರ್ಥ. ಇನ್ನಷ್ಟು ಹೆರೆದರೆ ಅಲ್ಲೇ ಬಚ್ಚಿಟ್ಟುಕೊಂಡ ಹುಣ್ಣು ಸಿಕ್ಕರೂ ಸಿಗಬಹುದು. ದಡ್ಡು ತೆಗೆದರೆ ಆ ಜಾಗದ ಗರಿಷ್ಠ ಒತ್ತಡ ಸುಮಾರು 26 ಶೇಕಡಾ ಇಳಿಯುತ್ತದೆಂದು 1992ರ ಒಂದು ಅಧ್ಯಯನ ಅಳೆದು ತೋರಿಸಿತು. ಯಾವ ಮಾತ್ರೆಯೂ ಇಲ್ಲದೆ, ಒಂದು ಬ್ಲೇಡಿನಿಂದ. ಆದರೆ ಅದು ಮತ್ತೆ ಬೆಳೆಯುತ್ತದೆ, ಮತ್ತೆ ಹೆರೆಯಬೇಕು. ಆದ್ದರಿಂದಲೇ ಹಿಂದೆ ಹುಣ್ಣಾದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ನೋಡಬೇಕು ಎಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಇದನ್ನು ಓದಿ ಮನೆಯಲ್ಲೇ ಬ್ಲೇಡ್ ಹಿಡಿದು ಕೂರಬೇಡಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಆಣಿ ಪ್ಲಾಸ್ಟರಿನಲ್ಲಿ ಆಮ್ಲವಿರುತ್ತದೆ, ಸ್ಪರ್ಶ ಹೋದ ಕಾಲಿಗೆ ಅದೂ ಅಪಾಯವೇ.

ನೋವಿಲ್ಲದಿರುವುದೇ ಅಂಗ ತಿನ್ನುತ್ತದೆ ಎಂಬ ತಿಳಿವಳಿಕೆ ಜಗತ್ತಿಗೆ ಹೋದದ್ದು ದಕ್ಷಿಣ ಭಾರತದಿಂದ, ಅದೂ ಕುಷ್ಠರೋಗದ ಆಸ್ಪತ್ರೆಗಳಿಂದ. 1914ರಲ್ಲಿ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ ಮಿಷನರಿ ದಂಪತಿಗೆ ಹುಟ್ಟಿದ ಪಾಲ್ ಬ್ರ್ಯಾಂಡ್ 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಸರ್ಜನ್ ಆಗಿ ಬಂದರು. ಕುಷ್ಠ ಬಂದರೆ ಮಾಂಸ ತಾನಾಗಿ ಕೊಳೆತು ಉದುರುತ್ತದೆ ಎಂದು ಆಗ ವೈದ್ಯರೂ ನಂಬಿದ್ದರು. ಬ್ರ್ಯಾಂಡ್ ಒಂದೊಂದು ಗಾಯಕ್ಕೂ ಕಾರಣ ಹುಡುಕುತ್ತ ಹೋದರು. ಬಿಸಿ ಪಾತ್ರೆ ಹಿಡಿದದ್ದು, ಚಪ್ಪಲಿಯ ಮೊಳೆ ಚುಚ್ಚಿದ್ದು, ಕುಂಟದೆ ಗಾಯದ ಮೇಲೇ ನಡೆದದ್ದು. ರಾತ್ರಿ ಮಲಗಿದ್ದವರ ಬೆರಳು ಬೆಳಿಗ್ಗೆ ತುಂಡಾಗಿರುತ್ತಿದ್ದುದರ ಹಿಂದೆ ಇಲಿ ಇದ್ದದ್ದು ಪತ್ತೆಯಾದಾಗ, ಆಸ್ಪತ್ರೆಯಿಂದ ಮನೆಗೆ ಹೋಗುವವರಿಗೆ ಬೆಕ್ಕು ಕೊಟ್ಟು ಕಳಿಸುವ ಪದ್ಧತಿ ಶುರುವಾಯಿತು. 1966ರಲ್ಲಿ ಅವರು ಅಮೆರಿಕದ ಲೂಸಿಯಾನಾ ರಾಜ್ಯದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದರು. ಅಲ್ಲಿನ ಸಕ್ಕರೆ ಕಾಯಿಲೆಯವರ ಪಾದಗಳಲ್ಲಿ ಕಂಡದ್ದು ವೆಲ್ಲೂರಿನದೇ ಹುಣ್ಣು. ಸಿಲೋನ್ ಮತ್ತು ಭಾರತದಲ್ಲಿ 1930ರ ದಶಕದಲ್ಲೇ ಕುಷ್ಠದ ಹುಣ್ಣಿಗೆ ಹಾಕುತ್ತಿದ್ದ ಪ್ಲಾಸ್ಟರ್ ಕಟ್ಟನ್ನು ಅವರು ಅಮೆರಿಕದಲ್ಲಿ ಬಳಕೆಗೆ ತಂದರು. ಪಾದ, ಮೀನಖಂಡ ಎರಡಕ್ಕೂ ಅಂಟಿಕೊಂಡಂತೆ ಹಾಕುವ ಈ ಕಟ್ಟು ಭಾರವನ್ನು ಒಂದೇ ಬಿಂದುವಿನಿಂದ ಬಿಡಿಸಿ ಇಡೀ ಕಾಲಿಗೆ ಹಂಚುತ್ತದೆ.

ಇಂದಿಗೂ ಅಂಗಾಲಿನ ಮುಂಭಾಗದ ಹುಣ್ಣಿಗೆ ಮೊದಲ ಆಯ್ಕೆ ಇದೇ ತತ್ವ: ಮೊಣಕಾಲಿನವರೆಗಿನ, ರೋಗಿ ತಾನಾಗಿ ಬಿಚ್ಚಲಾಗದ ಸಾಧನ. ‘ಬಿಚ್ಚಲಾಗದ’ ಎಂಬ ಷರತ್ತು ಏಕೆಂದರೆ, ನೋವಿಲ್ಲದ ಹುಣ್ಣಿಗಾಗಿ ಯಾರು ತಾನೆ ದಿನವಿಡೀ ದಪ್ಪ ಬೂಟು ಹಾಕಿಕೊಂಡಿರುತ್ತಾರೆ? ಅಮೆರಿಕದ ಸಂಶೋಧಕ ಪೋಡಿಯಾಟ್ರಿಸ್ಟ್ ಡೇವಿಡ್ ಆರ್ಮ್‌ಸ್ಟ್ರಾಂಗ್ ಮತ್ತು ಸಂಗಡಿಗರು 2003ರಲ್ಲಿ ರೋಗಿಗಳಿಗೂ ಬೂಟಿಗೂ ಹೆಜ್ಜೆ ಎಣಿಸುವ ಉಪಕರಣ ಕಟ್ಟಿ ನೋಡಿದರು. ದಿನದ ಓಡಾಟದಲ್ಲಿ ಬೂಟು ಕಾಲಲ್ಲಿದ್ದದ್ದು ಬರೀ 28 ಶೇಕಡಾ. ಹೊರಗೆ ಹೋಗುವಾಗ ಹಾಕಿಕೊಂಡವರೂ ಮನೆಯೊಳಗೆ ಬಿಚ್ಚಿಟ್ಟು ಓಡಾಡುತ್ತಿದ್ದರು. ಅದಕ್ಕೆ ಮೊದಲು, 2001ರಲ್ಲಿ, ಇದೇ ತಂಡ ಹೋಲಿಸಿದಾಗ 12 ವಾರದೊಳಗೆ ಹುಣ್ಣು ಮಾಗಿದ್ದು ಪ್ಲಾಸ್ಟರ್ ಹಾಕಿದವರಲ್ಲಿ ಸುಮಾರು 90 ಶೇಕಡಾ, ಬಿಚ್ಚುವ ಬೂಟಿನವರಲ್ಲಿ 65 ಶೇಕಡಾ. ಆಮೇಲೆ ಅವರು ಹುಡುಕಿದ ಉಪಾಯ ನನಗೆ ಬಹಳ ಇಷ್ಟ. ಬಿಚ್ಚುವ ಬೂಟನ್ನೇ ಹಾಕಿ, ಅದರ ಸುತ್ತ ಒಂದು ಸುತ್ತು ಪ್ಲಾಸ್ಟರ್ ಪಟ್ಟಿ ಬಿಗಿದುಬಿಡುವುದು!

ಚಪ್ಪಲಿಯನ್ನು ಬಾಗಿಲಾಚೆ ಬಿಡುವ ನಮ್ಮ ಮನೆಗಳಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಸ್ಪರ್ಶ ಹೋದವರು ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು ಎಂದು ಪುಸ್ತಕ ಹೇಳುತ್ತದೆ. ದೇವಸ್ಥಾನದ ಪ್ರಾಂಗಣದ ಕಾದ ಕಲ್ಲು, ಯುಗಾದಿಗೆ ಮುನ್ನ ಉತ್ತರ ಕರ್ನಾಟಕದಿಂದ ಶ್ರೀಶೈಲಕ್ಕೆ ಹೊರಡುವ ಪಾದಯಾತ್ರೆಯ ಡಾಂಬರು, ಶ್ರವಣಬೆಳಗೊಳದ ಬಂಡೆಯ ಮೆಟ್ಟಿಲು, ಇವೆಲ್ಲ ಎಲ್ಲಿಗೆ ಹೋಗಬೇಕು? ಭಕ್ತಿಯನ್ನು ಹೀಗಳೆದು ಪ್ರಯೋಜನವಿಲ್ಲ. ಬೆಳಗಿನ ತಂಪು ಹೊತ್ತಿಗೆ ದರ್ಶನ ಮುಗಿಸಿ, ದಪ್ಪ ಕಾಲುಚೀಲ ಹಾಕಿಕೊಳ್ಳಿ, ಮನೆಗೆ ಬಂದು ಅಂಗಾಲು ನೋಡಿಕೊಳ್ಳಿ ಎಂದು ಕೂತು ಮಾತಾಡುವ ವ್ಯಕ್ತಿ ಬೇಕು. ಹವಾಯಿ ಚಪ್ಪಲಿ ದಾರಿಯಲ್ಲಿ ಕಳಚಿ ಬಿದ್ದರೂ ಗೊತ್ತಾಗದೆ ನಡೆದು ಬರುವವರಿಗೆ ಹಿಂದೆ ಪಟ್ಟಿ ಇರುವ, ಮೊಳೆ ಹೊಡೆಯದ ಎಂಸಿಆರ್ ಚಪ್ಪಲಿ ಬೇಕು. ಸಣ್ಣ ಗಾಳಿಗುಳ್ಳೆಗಳಿರುವ ಈ ಮೆತ್ತನೆ ರಬ್ಬರಿನ ಪಾದರಕ್ಷೆಯನ್ನು ಸರಕಾರದ ಕುಷ್ಠರೋಗ ಕಾರ್ಯಕ್ರಮ ಬಹಳ ಹಿಂದಿನಿಂದ ಪುಕ್ಕಟೆ ಕೊಡುತ್ತ ಬಂದಿದೆ.

ಇನ್ನು ಹಣದ ವಿಷಯ. ನಮ್ಮ ಆರೋಗ್ಯ ವಿಮೆಗಳು ಬಹುಮಟ್ಟಿಗೆ ಆಸ್ಪತ್ರೆ ಸೇರಿದವರ ಖರ್ಚು ಕೊಡುತ್ತವೆ. ಕಾಲು ಕತ್ತರಿಸಲು ವಿಮೆ ಇದೆ, ಉಗುರು ಕತ್ತರಿಸಲು ಇಲ್ಲ. ಈ ಲೆಕ್ಕ ಎಷ್ಟು ತಲೆಕೆಳಗಾದದ್ದು ಎಂದು ಅಮೆರಿಕದ ಅರಿಜೋನಾ ರಾಜ್ಯ ತಿಳಿಯದೆಯೇ ಪ್ರಯೋಗ ಮಾಡಿ ತೋರಿಸಿತು. ಆರ್ಥಿಕ ಕುಸಿತದ ಕಾಲದಲ್ಲಿ, 2009–10ರ ಸುಮಾರಿಗೆ, ಅದು ಬಡವರ ಸರಕಾರಿ ವಿಮೆಯಿಂದ ಪೋಡಿಯಾಟ್ರಿ ಸೇವೆಯನ್ನು ಕೈಬಿಟ್ಟಿತು. ಅದರಿಂದ ಏನಾಯಿತೆಂದು 2014ರಲ್ಲಿ ಲೆಕ್ಕ ಹಾಕಿದವರು ಹೇಳಿದ್ದು: ಪಾದದ ಸೋಂಕಿನಿಂದ ಆಸ್ಪತ್ರೆ ಸೇರುವವರ ಸಂಖ್ಯೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏರಿತು, ಉಳಿಸಿದ ಒಂದೊಂದು ಡಾಲರಿಗೆ ಆಸ್ಪತ್ರೆ ಖರ್ಚು 44 ಡಾಲರ್ ಏರಿತು.

ಪೋಡಿಯಾಟ್ರಿ ಬೇರೂರಿದ ದೇಶಗಳಲ್ಲೂ ವೃತ್ತಿ ನಿಶ್ಚಿಂತೆಯಿಂದಿಲ್ಲ. ಬ್ರಿಟನ್ನಿನಲ್ಲಿ ‘ಪೋಡಿಯಾಟ್ರಿಸ್ಟ್’, ‘ಕಿರೋಪೊಡಿಸ್ಟ್’ ಎಂಬ ಹೆಸರುಗಳಿಗೆ ಕಾನೂನಿನ ರಕ್ಷಣೆಯಿದೆ, ನೋಂದಾಯಿತರಲ್ಲದವರು ಬಳಸುವಂತಿಲ್ಲ. 2013ರಿಂದ ಹೆಚ್ಚಿನ ತರಬೇತಿ ಪಡೆದವರು ಔಷಧ ಬರೆಯಲೂಬಹುದು. ಆದರೆ 2017ರಲ್ಲಿ ಇಂಗ್ಲೆಂಡಿನಲ್ಲಿ ಆರೋಗ್ಯ ಕೋರ್ಸುಗಳ ವಿದ್ಯಾರ್ಥಿ ಸಹಾಯಧನ ನಿಂತ ಮೇಲೆ ಪೋಡಿಯಾಟ್ರಿ ತರಗತಿಗಳು ಬಡವಾದವು. ಬೇರೆ ಕೆಲಸದಲ್ಲಿದ್ದು ಸ್ವಲ್ಪ ವಯಸ್ಸಾದ ಮೇಲೆ ಈ ಓದಿಗೆ ಬರುವವರೇ ಹೆಚ್ಚಿದ್ದರು, ಸಾಲ ಮಾಡಿ ಓದಲು ಅವರು ಹಿಂಜರಿದರು. ಜೊತೆಗೆ ಅಲ್ಲಿ ‘ಫುಟ್ ಹೆಲ್ತ್ ಪ್ರಾಕ್ಟಿಷನರ್’ ಎಂದು ಬೋರ್ಡು ಹಾಕಿಕೊಳ್ಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಜನಕ್ಕೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಆಸ್ಟ್ರೇಲಿಯಾದ ಜಗಳ ಇನ್ನೊಂದು ತುದಿಯದು. ಎಂಬಿಬಿಎಸ್ ಓದದೆ, ಪೋಡಿಯಾಟ್ರಿ ಓದಿ, ಮುಂದೆ ಶಸ್ತ್ರಚಿಕಿತ್ಸೆಯ ತರಬೇತಿ ಪಡೆದವರು ತಮ್ಮನ್ನು ‘ಪೋಡಿಯಾಟ್ರಿಕ್ ಸರ್ಜನ್’ ಎಂದು ಕರೆದುಕೊಳ್ಳಬಹುದೇ? ಮೂಳೆ ಸರ್ಜನ್‌ಗಳು ಬಹಳ ಕಾಲದಿಂದ ಆಕ್ಷೇಪಿಸುತ್ತಿದ್ದರು. ಸ್ವತಂತ್ರ ಪರಿಶೀಲನೆ ನಡೆಸಿದ ರಾನ್ ಪ್ಯಾಟರ್ಸನ್ 2024ರ ವರದಿಯಲ್ಲಿ ಹೆಸರನ್ನು ‘ಸರ್ಜಿಕಲ್ ಪೋಡಿಯಾಟ್ರಿಸ್ಟ್’ ಎಂದು ಬದಲಿಸಲು ಶಿಫಾರಸು ಮಾಡಿದರು. ಚಾಕು ಹಿಡಿದವರ ಓದು ಯಾವುದು ಎಂದು ತಿಳಿಯುವ ಹಕ್ಕು ರೋಗಿಗಿದೆ, ಅಷ್ಟರ ಮಟ್ಟಿಗೆ ಇದು ಸರಿ. ಆದರೆ ದಿನವೂ ದಡ್ಡು ಹೆರೆಯುವವರ ಕೊರತೆಯ ಮುಂದೆ ಈ ಹೆಸರಿನ ಕದನಕ್ಕೆ ಸಿಗುವ ಸುದ್ದಿಯ ಜಾಗ ಹೆಚ್ಚಾಯಿತೇನೋ.

ಭಾರತದಲ್ಲಿ 2021ರ ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ಕಾಯ್ದೆಯ ಅನುಸೂಚಿಯಲ್ಲಿ ಪೋಡಿಯಾಟ್ರಿಸ್ಟ್ ಹೆಸರೂ ಸೇರಿತು. ವೃತ್ತಿಗೆ ಕಾನೂನಿನಲ್ಲಿ ಒಂದು ಸಾಲು ಸಿಕ್ಕಿತು, ಅಷ್ಟೆ. ಅದಕ್ಕೆ ಕಾಲೇಜು, ಹುದ್ದೆ, ಸಂಬಳ ಹುಟ್ಟಬೇಕಾದರೆ ವರ್ಷಗಳೇ ಬೇಕು. ಬೆಂಗಳೂರಿನ ಸರಕಾರಿ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಂಥ ಕಡೆ ಪೋಡಿಯಾಟ್ರಿ ವಿಭಾಗವಿದೆ, ಅಲ್ಲಿ ಕೆಲಸ ಮಾಡುವವರು ಹೆಚ್ಚಾಗಿ ಸರ್ಜರಿ ಓದಿ ಪಾದದತ್ತ ಹೊರಳಿದ ವೈದ್ಯರು. ಹಿಂದೆ, 2003ರ ಸುಮಾರಿಗೆ, ನಾಗಪುರದ ಶರದ್ ಪೆಂಡ್ಸೆ ಮತ್ತು ವಿದೇಶಿ ಸಹೋದ್ಯೋಗಿಗಳು ‘ಸ್ಟೆಪ್ ಬೈ ಸ್ಟೆಪ್’ ಯೋಜನೆಯಲ್ಲಿ ಒಬ್ಬ ಡಾಕ್ಟರ್, ಒಬ್ಬ ನರ್ಸ್ ಹೀಗೆ ಜೋಡಿಯಾಗಿ ಕರೆಸಿ, ಕಲಿಸಿ, ಉಪಕರಣ ಕೊಟ್ಟು ಕಳಿಸಿ, ವರ್ಷದ ನಂತರ ಮತ್ತೆ ಕರೆಸಿ ಮುಂದಿನ ಪಾಠ ಹೇಳಿದರು. ನನಗೆ ಕಾಣುವಂತೆ ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಹೊಂದುವುದು ಈ ಮಾದರಿ. ನಾಲ್ಕು ವರ್ಷದ ಡಿಗ್ರಿ ಬರುವವರೆಗೆ ಕಾಯುತ್ತ ಕೂರುವ ಬದಲು, ಸಾಂಕ್ರಾಮಿಕವಲ್ಲದ ಕಾಯಿಲೆಗಳ (ಎನ್‌ಸಿಡಿ) ಕ್ಲಿನಿಕ್ಕಿನ ನರ್ಸ್‌ಗೆ ಆ ನೈಲಾನ್ ಎಳೆ, ಬ್ಲೇಡು, ವಾರದಲ್ಲಿ ಒಂದು ಬೆಳಗಿನ ಸಮಯ ಕೊಡಬಹುದು. ಕೊಟ್ಟದ್ದನ್ನು ಲೆಕ್ಕದಲ್ಲಿ ಬರೆಯಬೇಕು ಕೂಡ. ಬರೆಯದ ಕೆಲಸವನ್ನು ನಮ್ಮ ಆಡಳಿತ ಕೆಲಸವೆಂದು ಎಣಿಸುವುದಿಲ್ಲ.

ಎಳೆಯೂ ಇಲ್ಲದಿದ್ದರೆ? ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯವರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಗೆ ತೋರುಬೆರಳು ಸಾಕು. ಕಾಲು ಚಾಚಿ ಮಲಗಿಸಿ, ಕಣ್ಣು ಮುಚ್ಚಿಸಿ, ಎಡ ಬಲ ಯಾವುದೆಂದು ಮೊದಲೇ ತಿಳಿಸಿ, ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಗಳನ್ನು ಹಗುರವಾಗಿ ಒಂದೆರಡು ಸೆಕೆಂಡು ಮುಟ್ಟಬೇಕು. ಒತ್ತಬಾರದು, ಸವರಬಾರದು, ಕಚಗುಳಿ ಇಡಬಾರದು. ಗೊತ್ತಾಗದಿದ್ದರೆ ಮತ್ತೆ ಮುಟ್ಟಿ ನೋಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಪ್ಪಿದರೆ ಸ್ಪರ್ಶ ಕುಗ್ಗಿದೆ ಎಂದು ಲೆಕ್ಕ. ಮೊಮ್ಮಗಳು ಅಜ್ಜನಿಗೆ ಮಾಡಬಹುದಾದಷ್ಟು ಸುಲಭ. ಎರಡು ತಪ್ಪಿದ ಅಜ್ಜನನ್ನು ಮಾರನೆಯ ದಿನ ಯಾವ ಕೊಠಡಿಗೆ ಕರೆದೊಯ್ಯಬೇಕು ಎಂಬುದು ಮಾತ್ರ ನಮ್ಮ ಬಹುಪಾಲು ಜಿಲ್ಲೆಗಳಲ್ಲಿ ಇನ್ನೂ ತೀರ್ಮಾನವಾಗಿಲ್ಲ.