ಯಾರ್ಕ್‌ಟೌನ್‌ನಲ್ಲಿ ಸೋತವನು ಶ್ರೀರಂಗಪಟ್ಟಣದಲ್ಲಿ ಗೆದ್ದ

ಟಿಪ್ಪು ಸುಲ್ತಾನನ ಇಬ್ಬರು ಎಳೆಯ ಮಕ್ಕಳನ್ನು 1792ರಲ್ಲಿ ಒತ್ತೆಯಾಗಿ ಪಡೆದ ಲಾರ್ಡ್ ಕಾರ್ನ್‌ವಾಲಿಸ್‌ನ ಹೆಸರು ಶಾಲೆಯಲ್ಲಿ ಚರಿತ್ರೆ ಓದಿದವರಿಗೆಲ್ಲ ಗೊತ್ತು. ಅದಕ್ಕೆ ಹತ್ತು ವರ್ಷ ಹಿಂದೆಯಷ್ಟೇ ಇದೇ ಕಾರ್ನ್‌ವಾಲಿಸ್ ಅಮೆರಿಕದಲ್ಲಿ ತನ್ನ ಇಡೀ ಪಡೆಯೊಂದಿಗೆ ಶತ್ರುವಿಗೆ ಶರಣಾಗಿದ್ದ ಎಂಬುದು ಅಷ್ಟಾಗಿ ನೆನಪಾಗುವುದಿಲ್ಲ. ಅಲ್ಲಿ ಸೋತವನು ಇಲ್ಲಿ ಹೇಗೆ ಗೆದ್ದ? ಉತ್ತರ ಬೇಕಾದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ತಿರುವುಗಳನ್ನು ನೋಡಬೇಕು.

ಜಗಳದ ಮೂಲ ತೆರಿಗೆ. ಫ್ರಾನ್ಸ್‌ನೊಡನೆ ಏಳು ವರ್ಷ ಹೋರಾಡಿ 1763ರಲ್ಲಿ ಗೆದ್ದ ಬ್ರಿಟನ್ನಿನ ಮೇಲೆ ಸಾಲದ ಹೊರೆ ಬಿದ್ದಿತ್ತು. ಅದರ ಒಂದು ಪಾಲನ್ನು ಅದು ಅಮೆರಿಕದ 13 ವಸಾಹತುಗಳ ಮೇಲೆ ಹೇರಿತು. ಪಾರ್ಲಿಮೆಂಟಿನಲ್ಲಿ ನಮ್ಮ ಪ್ರತಿನಿಧಿಗಳೇ ಇಲ್ಲದಿರುವಾಗ ತೆರಿಗೆ ಏಕೆ ಕೊಡಬೇಕು ಎಂದು ಅಲ್ಲಿನವರು ತಿರುಗಿಬಿದ್ದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್‌ಟನ್ ಮತ್ತು ಕಾಂಕರ್ಡ್‌ಗಳಲ್ಲಿ ಮೊದಲ ಗುಂಡುಗಳು ಹಾರಿದವು.

1776ರ ಜುಲೈ 4ರಂದು ಸ್ವಾತಂತ್ರ್ಯದ ಘೋಷಣೆಯೇನೋ ಆಯಿತು. ಆದರೆ ಕೆಲವೇ ತಿಂಗಳಲ್ಲಿ ನ್ಯೂಯಾರ್ಕ್ ಬ್ರಿಟಿಷರ ವಶವಾಯಿತು. ಜಾರ್ಜ್ ವಾಷಿಂಗ್ಟನ್‌ನ ಸೈನ್ಯ ಕರಗುತ್ತಿತ್ತು. ಬಹುತೇಕ ಸೈನಿಕರ ಸೇವಾವಧಿ ವರ್ಷದ ಕೊನೆಗೆ ಮುಗಿಯಲಿತ್ತು. ಕ್ರಿಸ್‌ಮಸ್ ರಾತ್ರಿ ಆತ ಹಿಮಗಡ್ಡೆಗಳು ತೇಲುತ್ತಿದ್ದ ಡೆಲವೇರ್ ನದಿ ದಾಟಿ ಬೆಳಿಗ್ಗೆ ಟ್ರೆಂಟನ್ ಪಟ್ಟಣದ ಮೇಲೆ ಎರಗಿದ. ಬ್ರಿಟನ್ ಬಾಡಿಗೆಗೆ ತಂದಿದ್ದ ಸುಮಾರು 900 ಜರ್ಮನ್ ಸೈನಿಕರು ಸೆರೆಯಾದರು. ಕಾಳಗ ಸಣ್ಣದು, ಆದರೆ ಸೈನ್ಯ ಉಳಿಯಿತು.

ದೊಡ್ಡ ತಿರುವು ಬಂದದ್ದು ಸಾರಟೋಗದಲ್ಲಿ. ಕೆನಡಾದಿಂದ ದಕ್ಷಿಣಕ್ಕೆ ಇಳಿದ ಬ್ರಿಟಿಷ್ ಜನರಲ್ ಬರ್ಗಾಯ್ನ್ ಕಾಡಿನ ನಡುವೆ ಸಿಕ್ಕಿಕೊಂಡ. ಅವನ ನೆರವಿಗೆ ಹೋಗಬಹುದಾಗಿದ್ದ ಜನರಲ್ ಹೋ ಫಿಲಡೆಲ್ಫಿಯ ಹಿಡಿಯಲು ಹೊರಟಿದ್ದ. 1777ರ ಅಕ್ಟೋಬರ್ 17ರಂದು ಸುಮಾರು 6,000 ಮಂದಿಯೊಂದಿಗೆ ಬರ್ಗಾಯ್ನ್ ಶರಣಾದ. ಅದುವರೆಗೆ ಗುಟ್ಟಾಗಿ ಮದ್ದುಗುಂಡು ಕಳಿಸುತ್ತಿದ್ದ ಫ್ರಾನ್ಸ್ 1778ರ ಫೆಬ್ರವರಿಯಲ್ಲಿ ಬಹಿರಂಗವಾಗಿಯೇ ಒಪ್ಪಂದ ಮಾಡಿಕೊಂಡಿತು. ಮರುವರ್ಷ ಸ್ಪೇನ್ ಕೂಡ ಯುದ್ಧಕ್ಕಿಳಿಯಿತು.

ಹೀಗೆ ವಸಾಹತಿನ ದಂಗೆ ಜಾಗತಿಕ ಯುದ್ಧವಾಯಿತು. ಬ್ರಿಟನ್ ವೆಸ್ಟ್ ಇಂಡೀಸ್, ಜಿಬ್ರಾಲ್ಟರ್, ಭಾರತ ಎಲ್ಲವನ್ನೂ ಕಾಯಬೇಕಾಯಿತು. 1780ರ ಸೆಪ್ಟೆಂಬರ್‌ನಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಅಲಿ ಮತ್ತು ಟಿಪ್ಪು ಕಂಪನಿಯ ಒಂದು ಪಡೆಯನ್ನೇ ಅಳಿಸಿಹಾಕಿದರು. ಹೈದರನ ಖ್ಯಾತಿ ಅಮೆರಿಕಕ್ಕೂ ಮುಟ್ಟಿತ್ತು. ಪೆನ್ಸಿಲ್ವೇನಿಯದ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಡಲಾಗಿತ್ತು. 1782ರಲ್ಲಿ ಅದು ‘ಜನರಲ್ ಮಾಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿಯಿತು.

ಕೊನೆಯ ತಿರುವು ಯಾರ್ಕ್‌ಟೌನ್. ವರ್ಜೀನಿಯದ ಆ ರೇವಿನಲ್ಲಿ ಕಾರ್ನ್‌ವಾಲಿಸ್ ಹಡಗುಗಳ ದಾರಿ ಕಾಯುತ್ತಿದ್ದ. 1781ರ ಸೆಪ್ಟೆಂಬರ್ 5ರಂದು ಚೆಸಪೀಕ್ ಕೊಲ್ಲಿಯ ಬಾಯಲ್ಲಿ ಫ್ರೆಂಚ್ ನೌಕಾಪಡೆ ಬ್ರಿಟಿಷ್ ಹಡಗುಗಳನ್ನು ತಡೆಯಿತು. ನೆಲದ ಮೇಲೆ ವಾಷಿಂಗ್ಟನ್ ಮತ್ತು ಫ್ರೆಂಚ್ ಸೇನಾನಿ ರೋಷಾಂಬೋ ಸುತ್ತುವರಿದರು. ಅಕ್ಟೋಬರ್ 19ರಂದು ಏಳು ಸಾವಿರಕ್ಕೂ ಹೆಚ್ಚು ಮಂದಿ ಆಯುಧ ಕೆಳಗಿಟ್ಟರು. ಕಾರ್ನ್‌ವಾಲಿಸ್ ಕಾಯಿಲೆಯ ನೆಪ ಹೇಳಿ ಶರಣಾಗತಿಗೆ ತನ್ನ ಕೈಕೆಳಗಿನವನನ್ನು ಕಳಿಸಿದ. 1783ರ ಪ್ಯಾರಿಸ್ ಒಪ್ಪಂದದಲ್ಲಿ ಬ್ರಿಟನ್ ಅಮೆರಿಕದ ಸ್ವಾತಂತ್ರ್ಯವನ್ನು ಮಾನ್ಯ ಮಾಡಿತು.

1786ರಲ್ಲಿ ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. ಟಿಪ್ಪುವಿನ ವಿರುದ್ಧ ಈ ಬಾರಿ ಅವನು ಒಂಟಿಯಾಗಿ ಹೊರಡಲಿಲ್ಲ. ನಿಜಾಮನನ್ನೂ ಮರಾಠರನ್ನೂ ಜೊತೆಗೆ ಕಟ್ಟಿಕೊಂಡ. ಇತ್ತ ಟಿಪ್ಪು ಫ್ರಾನ್ಸ್‌ಗೆ ಕಳಿಸಿದ್ದ ರಾಯಭಾರಿಗಳು 1788ರಲ್ಲಿ ದೊರೆಯನ್ನು ಕಂಡರೂ ಸೈನ್ಯದ ನೆರವು ದಕ್ಕಲಿಲ್ಲ. ಅಮೆರಿಕದ ಯುದ್ಧಕ್ಕೆ ಸುರಿದ ಹಣದಿಂದ ಫ್ರಾನ್ಸ್‌ನ ಬೊಕ್ಕಸ ಇನ್ನಷ್ಟು ಬರಿದಾಗಿತ್ತು. 1789ರಲ್ಲಿ ಅಲ್ಲಿ ಕ್ರಾಂತಿಯೇ ಆಯಿತು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ತೆರಲು ಒಪ್ಪಿ, ಮಕ್ಕಳನ್ನು ಒತ್ತೆಯಿಡಬೇಕಾಯಿತು.

ವಾಷಿಂಗ್ಟನ್ ಅನೇಕ ಕಾಳಗಗಳಲ್ಲಿ ಸೋತಿದ್ದ. ಆದರೆ ಸೈನ್ಯವನ್ನು ಉಳಿಸಿಕೊಂಡ, ಬಲವಾದ ಗೆಳೆಯನನ್ನು ಪಡೆದ. ಯಾರ್ಕ್‌ಟೌನ್‌ನಲ್ಲಿ ಒಂಟಿಯಾಗಿದ್ದವನು ಕಾರ್ನ್‌ವಾಲಿಸ್. ಶ್ರೀರಂಗಪಟ್ಟಣದಲ್ಲಿ ಒಂಟಿಯಾಗಿದ್ದವನು ಟಿಪ್ಪು.