ನದಿ ಸರಿದರೆ ಗಡಿಯೂ ಸರಿಯಬೇಕೇ?

ಕಿರುತೆರೆಯಲ್ಲಿ ಭೂಪಟ ತೋರಿಸುವಾಗ ನಾವು ದೇಶದ ಗಡಿಯನ್ನು ಒಂದು ಗೆರೆಯಾಗಿ ಎಳೆದುಬಿಡುತ್ತೇವೆ. ಆ ಗೆರೆ ಒಂದು ನದಿಯಾಗಿದ್ದರೆ? ನದಿ ನಿಂತಲ್ಲಿ ನಿಲ್ಲುವುದಿಲ್ಲವಲ್ಲ!

ಅಮೆರಿಕ ಮತ್ತು ಮೆಕ್ಸಿಕೋ ನಡುವೆ ಸುಮಾರು 2,000 ಕಿ.ಮೀ. ಉದ್ದಕ್ಕೆ ರಿಯೋ ಗ್ರಾಂಡೆ ನದಿಯೇ ಗಡಿ. ಅದರ ಉತ್ತರ ದಂಡೆಯಲ್ಲಿ ಟೆಕ್ಸಾಸ್‌ನ ಎಲ್ ಪಾಸೋ, ದಕ್ಷಿಣ ದಂಡೆಯಲ್ಲಿ ಮೆಕ್ಸಿಕೋದ ಸಿಯುದಾದ್ ಹ್ವಾರೆಸ್ ನಗರಗಳು ಎದುರುಬದುರಾಗಿವೆ. 1659ರಲ್ಲಿ ಸ್ಪೇನಿನ ಪಾದ್ರಿಗಳು ಇಲ್ಲಿ ಗ್ವಾದಲೂಪೆ ಮಿಷನ್ ಸ್ಥಾಪಿಸಿದಾಗ ನದಿ ಬರೀ ನದಿಯಾಗಿತ್ತು. 1846ರಿಂದ 1848ರವರೆಗೆ ನಡೆದ ಯುದ್ಧದಲ್ಲಿ ಮೆಕ್ಸಿಕೋ ಸೋತ ಮೇಲೆ, ಗ್ವಾದಲೂಪೆ ಹಿದಾಲ್ಗೋ ಒಪ್ಪಂದ ನದಿಯ ನಡುಭಾಗವನ್ನೇ ಗಡಿಯೆಂದು ಸಾರಿತು.

ಇಸ್ಲೆಟಾ, ಸೊಕೊರೊ ಎಂಬ ಊರುಗಳು ಹಿಂದೆ ನದಿಯ ದಕ್ಷಿಣಕ್ಕಿದ್ದವು. 1830ರ ಸುಮಾರಿಗೆ ನದಿ ಅವುಗಳ ದಕ್ಷಿಣಕ್ಕೆ ಹೊಸ ದಾರಿ ಮಾಡಿಕೊಂಡಿತು. ಹೀಗಾಗಿ 1848ರ ನಂತರ ಅವು ಅಮೆರಿಕಕ್ಕೆ ಸೇರಿದವು. ಜನ ಮನೆಬಿಟ್ಟು ಕದಲಲಿಲ್ಲ, ದೇಶವೇ ಬದಲಾಯಿತು. 'ನಾವು ಗಡಿ ದಾಟಲಿಲ್ಲ, ಗಡಿಯೇ ನಮ್ಮನ್ನು ದಾಟಿತು' ಎಂದು ಮೆಕ್ಸಿಕನ್ ಅಮೆರಿಕನ್ನರು ಹೇಳುವುದು ಇದಕ್ಕೇ.

ನದಿ ಸರಿಯುವುದೇಕೆ? ತಿರುವಿನ ಹೊರಬದಿಯಲ್ಲಿ ನೀರಿನ ವೇಗ ಹೆಚ್ಚು. ಅಲ್ಲಿ ದಂಡೆ ಕೊರೆಯುತ್ತದೆ. ಒಳಬದಿಯಲ್ಲಿ ವೇಗ ಕಡಿಮೆ. ಅಲ್ಲಿ ಮಣ್ಣು ಕೂಡುತ್ತದೆ. ನೆರೆ ಬಂದಾಗ ನದಿ ಒಮ್ಮೆಗೇ ಪಾತ್ರವನ್ನೇ ಬದಲಿಸುವುದೂ ಉಂಟು. 1884ರಲ್ಲಿ ಎರಡೂ ದೇಶಗಳು ಒಂದು ನಿಯಮ ಮಾಡಿಕೊಂಡವು: ನದಿ ನಿಧಾನವಾಗಿ ಸರಿದರೆ ಗಡಿಯೂ ಜೊತೆಗೆ ಸರಿಯುತ್ತದೆ, ಥಟ್ಟನೆ ಪಾತ್ರ ಬದಲಿಸಿದರೆ ಗಡಿ ಹಳೆಯ ಪಾತ್ರದಲ್ಲೇ ಉಳಿಯುತ್ತದೆ.

ತೊಡಕು ಬಂದದ್ದು ಎಲ್ ಪಾಸೋ ಪಕ್ಕದ ಚಮಿಸಾಲ್ ಎಂಬ ಪ್ರದೇಶದಲ್ಲಿ. 1864ರ ನೆರೆಯಲ್ಲಿ ನದಿ ದಕ್ಷಿಣಕ್ಕೆ ಬಹಳವಾಗಿ ಸರಿಯಿತು. ಉತ್ತರಕ್ಕೆ ಉಳಿದ ನೆಲದಲ್ಲಿ ಎಲ್ ಪಾಸೋ ಬೆಳೆಯಿತು. 1895ರಲ್ಲಿ ಪೆದ್ರೋ ಗಾರ್ಸಿಯಾ ಎಂಬಾತ ಆ ಜಮೀನು ತನ್ನದೆಂದು ದಾವೆ ಹೂಡಿದ. ಅಲ್ಲಿಗೆ ಅದು ಎರಡು ದೇಶಗಳ ವ್ಯಾಜ್ಯವಾಯಿತು. 1911ರಲ್ಲಿ ಕೆನಡಾದ ನ್ಯಾಯಶಾಸ್ತ್ರಜ್ಞ ಯೂಜೀನ್ ಲಾಫ್ಲರ್ ಅಧ್ಯಕ್ಷತೆಯ ಪಂಚಾಯಿತಿ ಮಂಡಳಿ, 1864ರ ಪಾತ್ರವನ್ನು ಗಡಿಯಾಗಿಟ್ಟು ನೆಲವನ್ನು ಹಂಚಬೇಕೆಂದಿತು. ಆ ಪಾತ್ರವನ್ನು ಈಗ ಗುರುತಿಸಲಾಗದು ಎಂಬುದೂ ಸೇರಿದಂತೆ ಕಾರಣಗಳನ್ನು ಕೊಟ್ಟು ಅಮೆರಿಕ ತೀರ್ಪನ್ನು ಒಪ್ಪಲಿಲ್ಲ.

ಇತ್ಯರ್ಥವಾದದ್ದು 1963ರಲ್ಲಿ, ಅಧ್ಯಕ್ಷರಾದ ಕೆನೆಡಿ ಮತ್ತು ಲೋಪೆಸ್ ಮಾತೆಯೋಸ್ ಅವರ ಕಾಲದಲ್ಲಿ. ಮೆಕ್ಸಿಕೋಗೆ 630 ಎಕರೆ ಸೇರಿತು. ಪಕ್ಕದ ಕೊರ್ದೊವಾ ದ್ವೀಪದಿಂದ 193 ಎಕರೆ ಅಮೆರಿಕಕ್ಕೆ ಬಂತು. ಇನ್ನು ಮುಂದೆ ಕದಲಬಾರದೆಂದು ಸುಮಾರು 7 ಕಿ.ಮೀ. ಉದ್ದದ ಕಾಂಕ್ರೀಟ್ ಕಾಲುವೆ ಕಟ್ಟಿ, 1968ರ ಡಿಸೆಂಬರ್‌ನಲ್ಲಿ ನದಿಯನ್ನು ಅದರೊಳಗೆ ಹರಿಸಲಾಯಿತು.

ಆದರೆ ಆ ನೆಲ ಖಾಲಿಯಿರಲಿಲ್ಲ. ರಿಯೋ ಲಿಂಡಾ ಮೊದಲಾದ ಬಡಾವಣೆಗಳ 5,000ಕ್ಕೂ ಹೆಚ್ಚು ಜನ, ಬಹುಪಾಲು ಮೆಕ್ಸಿಕನ್ ಅಮೆರಿಕನ್ನರು, ಮನೆ ತೊರೆಯಬೇಕಾಯಿತು. ಸರ್ಕಾರ ಪರಿಹಾರ ಕೊಟ್ಟಿತು. ಚದುರಿದ ನೆರೆಹೊರೆಯನ್ನು ಮತ್ತೆ ಕೂಡಿಸಿಕೊಡಲು ಯಾವ ಪರಿಹಾರಕ್ಕೂ ಆಗದು. ಯುದ್ಧವಿಲ್ಲದೆ ವ್ಯಾಜ್ಯ ಮುಗಿದದ್ದು ದೊಡ್ಡ ಸಂಗತಿಯೇ. ಅದರ ಬೆಲೆ ತೆತ್ತವರು ಈ ಜನ.

ಇಂದು ಎರಡೂ ದಂಡೆಗಳಲ್ಲಿ ಚಮಿಸಾಲ್ ಹೆಸರಿನ ಉದ್ಯಾನಗಳಿವೆ. ನಿಮ್ಮ ಅಟ್ಲಾಸ್ ತೆರೆದು ಎಲ್ ಪಾಸೋವನ್ನು ಹುಡುಕಿ. ಅಲ್ಲಿನ ಗೆರೆಯ ಮೇಲೆ ಬೆರಳಿಟ್ಟಾಗ, ಅದು ಎಷ್ಟು ಸಲ ಸರಿದಿದೆ, ಯಾರ ಅಂಗಳದಲ್ಲಿ ಹಾದಿದೆ ಎಂಬುದನ್ನೂ ನೆನೆಯಿರಿ.