‘ಡಾರ್ಕ್’ ಕೊನೆಯ ಕಂತು: ಅರ್ಧ ಒಪ್ಪಿಗೆ, ಅರ್ಧ ತಕರಾರು

ವಾಡಿಯಿಂದ ಮಾತಾಡ್ಲಿಕ್ಕತ್ತೀನಿ. ನಡುನಡುವೆ ಗೂಡ್ಸ್ ಗಾಡಿ ಹಾರ್ನ್ ಕೇಳಿದ್ರ ಸಹಿಸ್ಕೋರಿ, ಜಂಕ್ಷನ್ ಊರು ನಮ್ದು. ಒಂದು ಕಡೆ ಸೊಲ್ಲಾಪುರ, ಒಂದು ಕಡೆ ರಾಯಚೂರು, ಇನ್ನೊಂದು ಕಡೆ ಸಿಕಂದರಾಬಾದ್. ರಾತ್ರಿ ಹನ್ನೆರಡರ ಮ್ಯಾಲ ರೆಕಾರ್ಡ್ ಮಾಡಿದ್ರೂ ಗಾಡಿ ಬಿಡೂದಿಲ್ಲ.

ಇವತ್ತಿನ ವಿಷಯ ‘ಡಾರ್ಕ್’. ಜರ್ಮನ್ ಸೀರೀಸ್. ಅದರ ಕೊನೆಯ ಕಂತಿನ ಬಗ್ಗೆ ಮಾತಾಡ್ತೀನಿ, ಅಂದ್ರ ಪೂರ್ತಿ ಕಥಿ ಬಿಚ್ಚಿಡ್ತೀನಿ. ನೋಡಿಲ್ಲದವರು ಇಲ್ಲೇ ನಿಲ್ಲಿಸಿ, ಇಪ್ಪತ್ತಾರೂ ಕಂತು ಮುಗಿಸಿ ಬರ್ರಿ. ‘ಅಷ್ಟು ಪುರಸೊತ್ತು ಯಾರಿಗದ’ ಅನ್ನೋರು ಕೇಳ್ರಿ, ನಮ್ಮ ಅವ್ವನೂ ಹಂಗೇ ಕೇಳಿ ತಿಳ್ಕೊಂಡಿದ್ದು.

ಮೂರನೇ ಸೀಸನ್ ಬಂದದ್ದು 2020ರ ಜೂನ್ 27, ಶನಿವಾರ. ಕಥೆಯ ಒಳಗೆ ಪ್ರಳಯ ಆಗುವ ದಿನವೂ ಅದೇ. ಬೇಕಂತಲೇ ಆ ತಾರೀಖು ಇಟ್ಟಿದ್ದರು. ನಮ್ಮಲ್ಲಿ ಮಧ್ಯಾಹ್ನ ಹನ್ನೆರಡೂವರೆಗೆ ಬಂತು. ನಾನು ಬಿ.ಕಾಂ. ಮುಗಿಸಿ, ಕೆಲಸ ಇಲ್ಲದೆ, ಕೊರೋನಾ ಕಾಲದಾಗ ಮನ್ಯಾಗ ಕೂತಿದ್ದೆ. ಗೆಳೆಯರೆಲ್ಲ ಸೇರಿ ರೊಕ್ಕ ಹಾಕಿದ 199 ರೂಪಾಯಿಯ ಮೊಬೈಲ್ ಪ್ಲಾನ್. ಒಂದೇ ಫೋನಿನಾಗ ನೋಡಬೇಕು, ಚಿತ್ರ ಮಸಕು. ಹೆಸರೇ ‘ಡಾರ್ಕ್’, ಅರ್ಧ ದೃಶ್ಯ ಕತ್ತಲು, ಮ್ಯಾಲ ಮಳಿ. ಆದ್ರೂ ಎರಡು ದಿನದಾಗ ಮುಗಿಸಿದೆ. ಮುಗಿಸಿ ಫೋನ್ ಬಾಜೂಕ ಇಟ್ಟು ಅಂದದ್ದು ಒಂದೇ ಮಾತು: ಇಷ್ಟೇನಾ?

ಐದಾರು ವರ್ಷ ಆದ ಮ್ಯಾಲ ಮತ್ತೆ ನೋಡಿದೆ. ಈಗ ನನ್ನ ಸಿಟ್ಟು ಬ್ಯಾರೆ ಕಡೆ ತಿರುಗೇದ.

ಮೊದಲು ಕಥಿ. ಬಾರಾನ್ ಬೊ ಓಡಾರ್ ಮತ್ತು ಯಾಂಟ್ಯ ಫ್ರೀಸ ಮಾಡಿದ ಈ ಸೀರೀಸ್ ಶುರುವಾದದ್ದು 2017ರ ಡಿಸೆಂಬರ್‌ನಲ್ಲಿ. ವಿಂಡೆನ್ ಅಂತ ಒಂದು ಕಾಲ್ಪನಿಕ ಊರು. ಕಾಡು, ಗವಿ, ಒಂದು ಅಣುಸ್ಥಾವರ. ಊರಿನ ಅರ್ಧ ಜನಕ್ಕೆ ಆ ಸ್ಥಾವರವೇ ಅನ್ನ. ವಾಡಿಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ಸ್ಥಾವರದ ಜಾಗಕ್ಕ ಸಿಮೆಂಟ್ ಫ್ಯಾಕ್ಟರಿ ಇಡ್ರಿ, ಗವಿ ಜಾಗಕ್ಕ ಸುಣ್ಣದ ಕಲ್ಲಿನ ಖಣಿ ಇಡ್ರಿ, ಮುಗೀತು. ಎಲ್ಲರಿಗೂ ಎಲ್ಲರ ಮನಿ ಸುದ್ದಿ ಗೊತ್ತು, ಆದ್ರ ಖರೇ ಸುದ್ದಿ ಯಾರಿಗೂ ಗೊತ್ತಿಲ್ಲ.

ಗವಿಯೊಳಗಿನ ದಾರಿ 33 ವರ್ಷ ಹಿಂದಕ್ಕೋ ಮುಂದಕ್ಕೋ ಒಯ್ಯುತ್ತದೆ: 1953, 1986, 2019. ಯಾಕ 33? ಸೂರ್ಯ, ಚಂದ್ರರ ಲೆಕ್ಕ 33 ವರ್ಷಕ್ಕೊಮ್ಮೆ ಕೂಡುತ್ತದೆ ಅಂತ ಸೀರೀಸ್‌ನಲ್ಲೇ ಕಾರಣ ಕೊಡ್ತಾರೆ. ಭಾಳ ಮಂದಿ ಇದು ಸುಮ್ನೆ ಕಟ್ಟಿದ್ದು ಅಂದ್ಕೊಂಡಾರ. ಅಲ್ಲ. ನಮ್ಮ ಓಣ್ಯಾಗಿನ ರಂಜಾನ್ ನೋಡ್ರಿ. ಚಂದ್ರನ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಸಣ್ಣದು. ಅದಕ್ಕೇ ರಂಜಾನ್ ವರ್ಷವರ್ಷ ಹಿಂದಕ್ಕೆ ಸರೀತದ. ಬ್ಯಾಸಗಿಯಿಂದ ಚಳಿಗೆ, ಚಳಿಯಿಂದ ಮಳಿಗೆ. ಪೂರ್ತಿ ಒಂದು ಸುತ್ತು ಹಾಕಿ ಅದೇ ಜಾಗಕ್ಕೆ ಬರಲು ಸುಮಾರು 33 ವರ್ಷ. 2019ರಲ್ಲಿ ರಂಜಾನ್ ಉಪವಾಸ ಶುರುವಾದದ್ದು ಮೇ ತಿಂಗಳು. 1986ರಲ್ಲೂ ಮೇ. 1953ರಲ್ಲೂ ಮೇ. ನಮ್ಮ ಪಂಚಾಂಗದಾಗ ಅಧಿಕ ಮಾಸ ಸೇರಿಸಿ ಈ ವ್ಯತ್ಯಾಸ ಸರಿ ಮಾಡ್ಕೋತೀವಿ, ಅದಕ್ಕ ಯುಗಾದಿ ಜಾಗ ಬಿಟ್ಟು ಹೋಗೂದಿಲ್ಲ. ವಿಂಡೆನ್ ಗವಿ ಒಳಗಿನ ದೊಡ್ಡ ರಹಸ್ಯ ನಮ್ಮ ಗೋಡೆ ಮ್ಯಾಲಿನ ಕ್ಯಾಲೆಂಡರ್‌ದಾಗೇ ಅದ.

ಸರಿ, ಮಿಕೆಲ್ ಅನ್ನೋ ಹುಡುಗ 2019ರಲ್ಲಿ ಕಾಣೆಯಾಗ್ತಾನೆ. 1986ಕ್ಕೆ ಹೋಗಿ ಸಿಕ್ಕಿಬೀಳ್ತಾನೆ, ಅಲ್ಲೇ ಬೆಳೆದು ಮದುವೆಯಾಗಿ ಯೋನಾಸ್‌ನ ಅಪ್ಪ ಆಗ್ತಾನೆ. ಆ ಯೋನಾಸ್ ಪ್ರೀತಿಸುವ ಮಾರ್ಥಾ, ಮಿಕೆಲ್‌ನ ಅಕ್ಕ. ಇದನ್ನ ಹೇಳಿದಾಗ ಅವ್ವ ತೊಗರಿ ಬ್ಯಾಳಿ ಹಸನು ಮಾಡ್ತಾ, ತಲಿ ಎತ್ತದೇ, “ಅಂದ್ರ ಆಕಿ ಅವಗ ಸೋದರತ್ತಿ” ಅಂದಳು. ನನಗ ಇದು ತಿಳೀಲಿಕ್ಕೆ ಕಾಗದದ ಮ್ಯಾಲ ವಂಶವೃಕ್ಷ ಬರೀಬೇಕಾಗಿತ್ತು! ಅಕ್ಕನ ಮಗಳನ್ನ ಮಾಡ್ಕೊಳ್ಳೋ ಮನೆತನದಾಗ ಬೆಳೆದವರಿಗೆ ಒಬ್ಬರೇ ಎರಡು ಕಡಿಯಿಂದ ಬೀಗರಾಗೋದು ಹೊಸದಲ್ಲ. ಆದ್ರ ಶಾರ್ಲೊಟೆ ಮತ್ತು ಎಲಿಜಬೆತ್ ಒಬ್ಬರಿಗೊಬ್ಬರು ತಾಯಿನೂ ಹೌದು ಮಗಳೂ ಹೌದು ಅಂದಾಗ ಅವ್ವನೂ ಮೊರ ಕೆಳಗಿಟ್ಟಳು.

ಇಲ್ಲೊಂದು ವಿಷಯ ತಿಳ್ಕೋಬೇಕು. ಗಡಿಯಾರ ರಿಪೇರಿ ಮಾಡುವ ಟಾನ್‌ಹೌಸ್ ಅನ್ನೋ ಮುದುಕ ಕಾಲಪ್ರಯಾಣದ ಬಗ್ಗೆ ಒಂದು ಪುಸ್ತಕ ಬರೀತಾನೆ. ಆದರೆ ಅವನು ಬರೆಯುವ ಮೊದಲೇ ಭವಿಷ್ಯದಿಂದ ಅದೇ ಪುಸ್ತಕ ಅವನ ಕೈ ಸೇರಿರುತ್ತದೆ. ಹಾಗಿದ್ರೆ ಬರೆದವರು ಯಾರು? ಇದಕ್ಕೆ ಬೂಟ್‌ಸ್ಟ್ರ್ಯಾಪ್ ಪ್ಯಾರಡಾಕ್ಸ್ ಅಂತಾರೆ. ನಾನು ಕಾಮರ್ಸ್‌ನವ, ನನ್ನ ಭಾಷೆಯಲ್ಲಿ ಹೇಳ್ತೀನಿ. ಒಂದು ಲೆಡ್ಜರ್ ಅದ. ಈ ಎಂಟ್ರಿಗೆ ಪುರಾವೆ ಏನು ಅಂದ್ರ ಆ ಎಂಟ್ರಿ ತೋರಸ್ತಾರ, ಆ ಎಂಟ್ರಿಗೆ ಪುರಾವೆ ಏನು ಅಂದ್ರ ಈ ಎಂಟ್ರಿ. ಬ್ಯಾಲೆನ್ಸ್ ಪೈಸಾ ತಪ್ಪದೆ ಕೂಡ್ತದ. ಆದ್ರ ಮೂಲ ವೋಚರ್ ಎಲ್ಲೂ ಇಲ್ಲ. ಮೊದಲ ಎರಡು ಸೀಸನ್ನಿನ ಮಜಾನೇ ಇದು. ಆಡಿಟರ್ ಕಣ್ಣಿಗೂ ಬೀಳದಂಥ ಲೆಕ್ಕ.

ಕೊನೆಯ ಕಂತು ಏನ್ ಮಾಡ್ತದ? ಮೂಲ ವೋಚರ್ ತಂದು ಮುಂದಿಡ್ತದ. ನಾವು ನೋಡಿದ ಎರಡೂ ಲೋಕ ನಕಲು, ಅಸಲಿ ಲೋಕ ಮೂರನೇದು ಅಂತ ಕ್ಲಾಡಿಯಾ ಬಂದು ಆಡಮ್ಮನಿಗೆ ಹೇಳ್ತಾಳೆ. ಅಸಲಿ ಲೋಕದಲ್ಲಿ 1971ರ ಒಂದು ಮಳೆಯ ರಾತ್ರಿ ಟಾನ್‌ಹೌಸ್‌ನ ಮಗ ಮಾರೆಕ್ ಅಪ್ಪನ ಜೊತೆ ಜಗಳಾಡಿ ಹೆಂಡತಿ, ಕೂಸನ್ನ ಕಟ್ಟಿಕೊಂಡು ಕಾರಿನಲ್ಲಿ ಹೊರಡ್ತಾನೆ. ಅಪಘಾತ. ಮೂವರೂ ಸಾಯ್ತಾರೆ. ಮುದುಕ ಅವರನ್ನ ವಾಪಸ್ ತರಬೇಕು ಅಂತ ಯಂತ್ರ ಕಟ್ತಾನೆ. 1986ರಲ್ಲಿ ಚಾಲೂ ಮಾಡ್ತಾನೆ. ಮಗ ಬರಲಿಲ್ಲ, ಲೋಕ ಒಡೆದು ಎರಡಾಯ್ತು, ಆ ಎರಡು ಗಂಟು ಬಿದ್ದವು. ಯೋನಾಸ್, ಮಾರ್ಥಾ ಆ ಸೀಳಿನೊಳಗಿಂದ ಅಸಲಿ ಲೋಕಕ್ಕೆ ಹೋಗಿ ಕಾರಿಗೆ ಅಡ್ಡ ನಿಲ್ತಾರೆ. ಸೇತುವೆ ಬಂದ್ ಆಗೇದ ಅಂತಾರೆ. ಮಾರೆಕ್ ಗಾಡಿ ತಿರುಗಿಸಿ ಅಪ್ಪನ ಮನೆಗೆ ಹೋಗ್ತಾನೆ. ಯಂತ್ರ ಕಟ್ಟೋ ಪ್ರಸಂಗವೇ ಬರಲ್ಲ. ಗಂಟು ಬಿಚ್ಚಿಕೊಳ್ತದ, ಯೋನಾಸ್ ಮಾರ್ಥಾ ಇಬ್ಬರೂ ಧೂಳಿನಂಗ ಕರಗಿ ಹೋಗ್ತಾರೆ.

2020ರಲ್ಲಿ ನನ್ನ ತಕರಾರು ತರ್ಕದ್ದು. ಯಂತ್ರ ಇಲ್ಲಂದ್ರ ಯೋನಾಸ್ ಇಲ್ಲ. ಯೋನಾಸ್ ಇಲ್ಲಂದ್ರ ಕಾರು ನಿಲ್ಲಿಸಿದವರು ಯಾರು? ಇದು ಹಳೆಯ ‘ಅಜ್ಜನ ಪ್ಯಾರಡಾಕ್ಸ್’. ಹಿಂದೆ ಹೋಗಿ ನಿಮ್ಮ ಅಜ್ಜನನ್ನ ಕೊಂದ್ರ ನೀವು ಹುಟ್ಟಂಗಿಲ್ಲ, ಹುಟ್ಟಲಿಲ್ಲಂದ್ರ ಕೊಂದವರು ಯಾರು ಅಂತ. ಇದಕ್ಕೆ ಸೀರೀಸ್ ಕೊಡೋ ಉತ್ತರ, ಪ್ರಳಯದ ಕ್ಷಣದಲ್ಲಿ ಕಾಲ ಒಂದು ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ತದ, ಆಗ ಕಾರ್ಯಕಾರಣದ ಸರಪಳಿ ಸಡಿಲಾಗ್ತದ. ಅಭಿಮಾನಿಗಳ ವಾದ ಇನ್ನೂ ಸ್ವಲ್ಪ ಗಟ್ಟಿ: ಗಂಟು ಇರೋದು ಎರಡು ನಕಲಿ ಲೋಕದಲ್ಲಿ, ಅಸಲಿ ಲೋಕ ಆ ಚಕ್ರದ ಹೊರಗದ. ಹೊರಗಿನವರು ಬಂದು ಕೈ ಹಾಕಿ ಹೋದ್ರು, ಆಮೇಲೆ ಅವರ ಲೋಕ ಅಳೀತು ಅಂತ. ಈಗ ಇದನ್ನ ಅರ್ಧ ಒಪ್ತೀನಿ. ಕಥೆಗೆ ಸಾಕು, ಕ್ಲಾಸಿನಾಗ ಮಾರ್ಕ್ಸ್ ಬೀಳೂದಿಲ್ಲ.

ಒಪ್ಪದೇ ಇರೋದು ಹೇಳಿದ ರೀತಿ. ಇಡೀ ಸೀರೀಸಿನ ಬೀಗದ ಕೈ ಇರೋ ಮುದುಕನ ದುಃಖ ನಮಗೆ ಸರಿಯಾಗಿ ಗೊತ್ತಾಗೋದೇ ಕೊನೆಯಲ್ಲಿ. ಕ್ಲಾಡಿಯಾ ಕೂತು ಆಡಮ್ಮನಿಗೆ ವಿವರಿಸುವ ದೃಶ್ಯ ಮಾರ್ಚ್ 31ರ ರಾತ್ರಿ ಬುಕ್ಸ್ ಕ್ಲೋಸ್ ಮಾಡಿದಂಗದ. ಅಲೆಕ್ಸಾಂಡರ್ ಸುಳ್ಳು ಹೆಸರಲ್ಲಿ ಬದುಕಿದ ಕಥೆಯನ್ನ ಎರಡು ಸೀಸನ್ ಎಳೆದು ಕೊನೆಗೆ ದಾರಿಯಲ್ಲೇ ಬಿಟ್ಟರು. ಮಾಗ್ನುಸ್, ಫ್ರಾನ್ಸಿಸ್ಕಾ ಸುಮ್ಮನೆ ಹಿಂದೆ ನಿಂತಿರ್ತಾರೆ. ಮತ್ತೆ ಒಂದು ಮಾತು. ಕಂಪನಿಗಳ ಅಕೌಂಟಿಂಗ್ ಸಾಫ್ಟ್‌ವೇರ್‌ನಾಗ 2023ರ ಏಪ್ರಿಲ್‌ನಿಂದ ಎಡಿಟ್ ಲಾಗ್ ಇರಲೇಬೇಕು. ಒಂದು ಎಂಟ್ರಿ ತಿದ್ದಿದ್ರ ಏನು, ಯಾವಾಗ ಬದಲಾಯ್ತು ಅನ್ನೋ ಗುರುತು ಉಳೀಬೇಕು. ‘ಡಾರ್ಕ್’ ಮಾತ್ರ ರಬ್ಬರ್ ತಗೊಂಡು ಅಳಿಸಿಬಿಟ್ಟಿತು ಅಂತ ನನಗ ಅನಿಸಿತ್ತು.

ನಮ್ಮಲ್ಲೂ ಇಂಥ ಕಥೆ ಬಂದದ ಅಂತ ನೆನಪು ಮಾಡ್ತೀನಿ. 2024ರ ಮಾರ್ಚ್‌ನಲ್ಲಿ ಬಂದ ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’. ರೆಪ್ಪೆ ಬಡಿಯದೆ ಕಾಲದೊಳಗೆ ಹೋಗುವ ಹುಡುಗ, ದೀಕ್ಷಿತ್ ಶೆಟ್ಟಿ ಮಾಡಿದ್ದು. ‘ಡಾರ್ಕ್’ ಕಷ್ಟ ಅನ್ನೋರು ಮೊದಲು ಅದನ್ನ ನೋಡ್ರಿ, ಕನ್ನಡದಾಗೇ ತಲಿ ತಿರಗಲಿ.

ಈಗ ಅವ್ವನ ಮಾತಿಗೆ ಬರ್ತೀನಿ. ಈ ಎಪಿಸೋಡ್ ಮಾಡಾಕ ಕಾರಣ ಅದೇ.

ಎರಡನೇ ಸಲ ನೋಡಿದಾಗ ದಿನಾ ಸಂಜಿ ಕಟ್ಟಿ ಮ್ಯಾಲ ಕೂತು ಆಕಿಗೆ ಕಥಿ ಹೇಳ್ತಿದ್ದೆ. ಜರ್ಮನ್ ಬರಂಗಿಲ್ಲ, ಇಂಗ್ಲಿಷ್ ಸಬ್‌ಟೈಟಲ್ ಓದಂಗಿಲ್ಲ, ನಾನೇ ಡಬ್ಬಿಂಗ್. ಕೊನೆಯ ಕಂತು ಹೇಳಿ ಮುಗಿಸಿದ ಮ್ಯಾಲ ಆಕಿ ಕೇಳಿದ್ದು ಪ್ಯಾರಡಾಕ್ಸ್ ಬಗ್ಗೆ ಅಲ್ಲ. “ಹಂಗಾದ್ರ ಆ ಹುಡುಗರು ಸತ್ತರೋ, ಹುಟ್ಟಲೇ ಇಲ್ಲೋ?”

“ಹುಟ್ಟಲೇ ಇಲ್ಲ.”

ಸ್ವಲ್ಪ ಹೊತ್ತು ಬ್ಯಾಳಿ ಒಳಗಿನ ಹಳ್ಳು ಆರಿಸಿದಳು. ನಮ್ಮ ಮನ್ಯಾಗ ನನಗ ಮೊದಲು ಒಂದು ಹೆಣ್ಣು ಕೂಸು ಇತ್ತು. ಎಂಟು ತಿಂಗಳಿಗೆ ಹೋಯ್ತು. ಅಣ್ಣ, ಆಕಿ, ಇಬ್ಬರೇ ಸಾಕು ಅಂತ ಅಪ್ಪ ಅವ್ವ ನಿಶ್ಚೈಸಿದ್ದರಂತ. ಆಕಿ ಹೋದ ಮ್ಯಾಲ ನಾನು. ಇದು ನನಗ ಸಣ್ಣಂದಿನಿಂದ ಗೊತ್ತು, ಯಾರೂ ಮುಚ್ಚಿಟ್ಟಿಲ್ಲ. ಆದ್ರ ಅವ್ವ ಬಾಯಿ ಬಿಟ್ಟು ಅಂದದ್ದು ಅವತ್ತೇ: “ಆ ಗಡಿಯಾರದ ಮುದುಕಗ ನಾ ಏನಂತ ಬೈಲಿ? ಆ ಮಿಶಿನ್ ನನ್ನ ಕೈಗೆ ಸಿಕ್ಕಿದ್ರ ಆಗ ನಾನೂ ಚಾಲೂ ಮಾಡ್ತಿದ್ದೆ. ಈಗ ಮಾಡಂಗಿಲ್ಲ. ಈಗ ನೀ ಇದ್ದಿ.”

ನಾನು ಯೋನಾಸ್ ಕಡೆಯವ ಅನ್ನೋದು ಆಗ ತಿಳೀತು. ಒಬ್ಬರು ಉಳಿದಿದ್ರೆ ಹುಟ್ಟುತ್ತಲೇ ಇರದ ಮನುಷ್ಯ. ಹಾಗಾಗಿ ಈಗಿನ ನನ್ನ ಸಿಟ್ಟು ಇದು: ಯೋನಾಸ್, ಮಾರ್ಥಾ ತಾವಾಗೇ ಒಪ್ಪಿ ಕರಗಿದರು, ಸರಿ. ಎಲಿಜಬೆತ್‌ಳನ್ನ ಯಾರು ಕೇಳಿದ್ರು? ಮಾಗ್ನುಸ್‌ನನ್ನ? ಮಿಕೆಲ್‌ನನ್ನ? ಗಂಟು ಬರೀ ನೋವು, ಬಿಚ್ಚಿದ್ರೆ ಮುಕ್ತಿ ಅಂತ ಕಥೆ ಹೇಳ್ತದ. ಆ ಗಂಟಿನೊಳಗೇ ಜನ ಹುಟ್ಟಿ, ನಕ್ಕು, ಮಕ್ಕಳನ್ನ ಆಡಿಸಿದ್ದನ್ನ ಇಪ್ಪತ್ತೈದು ಕಂತು ನಮಗೇ ತೋರಿಸಿ, ಕೊನೆಗೆ ಅದನ್ನೆಲ್ಲ ತಪ್ಪು ಲೆಕ್ಕ ಅಂತ ಕೈ ತೊಳಕೊಳ್ಳೋದು ನನಗ ಒಪ್ಪಲ್ಲ. ಅದೇ ಹೊತ್ತಿಗೆ, ಮಾರೆಕ್ ವಾಪಸ್ ಬಂದು ಬಾಗಿಲಲ್ಲಿ ನಿಂತಾಗ ಆ ಮುದುಕನ ಮುಖ ನೋಡಿ, ಅಳಸ್ರಿ, ಎಲ್ಲಾ ಅಳಸ್ರಿ ಅಂತಲೂ ಅನಿಸಿತು. ಎರಡೂ ಖರೇ. ಯಾವುದನ್ನ ಬಿಡಲಿ?

ಕೊನೆಯ ದೃಶ್ಯ ಮಾತ್ರ ಅವ್ವನಿಗೆ ಫೋನಿನಾಗ ತೋರಿಸಿದೆ. ಅಸಲಿ ಲೋಕದ ಊಟದ ಮೇಜು. ರೆಗೀನಾ, ಪೀಟರ್, ಕಥರೀನಾ, ಹಾನಾ ಇದ್ದಾರೆ. ಗಂಟಿನಿಂದ ಹುಟ್ಟಿದವರು ಯಾರೂ ಇಲ್ಲ. ಕರೆಂಟ್ ಹೋಗಿ ಬರ್ತದ. ಬಸುರಿ ಹಾನಾ ಮೂಲೆಯಲ್ಲಿ ನೇತುಹಾಕಿದ ಹಳದಿ ರೇನ್‌ಕೋಟ್ ದಿಟ್ಟಿಸಿ ನೋಡ್ತಾಳೆ, ಎಲ್ಲೋ ಕಂಡಂಗ. ಕೂಸಿಗೆ ಏನು ಹೆಸರು ಅಂದ್ರ, ಯೋನಾಸ್ ಚಂದ ಅದ ಅಂತಾಳೆ. ಮೊದಲ ಸಲ ಇದು ಸುಮ್ಮನೆ ಸಿಹಿ ಹಂಚಿದಂಗ ಅನಿಸಿತ್ತು. ಈಗ ಅದು ನಾನು ಹುಡುಕುತ್ತಿದ್ದ ಎಡಿಟ್ ಲಾಗ್. ಅಳಿಸಿದ್ರೂ ಒಂದು ಗೆರೆ ಉಳಿದದ.

“ಅಂವನೇ ಮತ್ತ ಹುಟ್ಟತಾನೇನು?” ಅಂತ ಅವ್ವ.

ಇಲ್ಲ, ಇವನ ಅಪ್ಪ ಬ್ಯಾರೆ, ಪಕ್ಕದಾಗ ಕೂತಿರೋ ವೋಲರ್ ಅಂದೆ. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಪೊಲೀಸ್.

“ಹೆಸರಷ್ಟೇ ಅಂದ್ರ. ಆತು ಬಿಡು.” ಮತ್ತೆ ಫೋನ್ ಕೈಗೆ ತಗೊಂಡು ಹತ್ತಿರ ಹಿಡಿದು ನೋಡಿದಳು. “ಅವನ ಕಣ್ಣಿಗೆ ಏನಾಗಿತ್ತು?”

ಅದನ್ನ ಮೂರು ಸೀಸನ್ ಆದ್ರೂ ಹೇಳಿಲ್ಲ. ಅಂವ ಹೇಳಬೇಕು ಅಂತ ಬಾಯಿ ತೆರೆದಾಗಲೆಲ್ಲ ಏನಾದ್ರೂ ಅಡ್ಡ ಬರ್ತದ, ಈ ಕೊನೆಯ ದೃಶ್ಯದಾಗೂ ಕರೆಂಟ್ ಹೋಯ್ತು. ಅವ್ವ ಇನ್ನೂ ಕೇಳ್ತಿರ್ತಾಳ. ನಿಮ್ಮ ಹತ್ರ ಏನರ ಥಿಯರಿ ಇದ್ರ ವಾಯ್ಸ್ ನೋಟ್ ಕಳಸ್ರಿ, ಕನ್ನಡದಾಗೇ ಕಳಸ್ರಿ, ಆಕಿಗೆ ನೇರ ಕೇಳಸ್ತೀನಿ.